ಎಸರಿಗೆ ಬಿದ್ದ ನುಚ್ಚು

ಸಿಂಧನೂರಿನ ಹೋಟೆಲುಗಳ ಒಗ್ಗರಣೆ-ಮಿರ್ಚಿ ನನಗೂ ಇಷ್ಟವೇ. ಆದರೆ ಮುಂಜಾನೆ ಹೊಟ್ಟೆ ತಣ್ಣಗಾಗುವುದು ಜೋಳದ ನುಚ್ಚು, ಮಜ್ಜಿಗೆಯಿಂದ. ಉಣ್ಣುವುದಕ್ಕಿಂತ ಒಂದು ಕೈ ಮಿಗಿಲಾದ ಸುಖ ಅದನ್ನು ಕುದಿಸುವುದರಲ್ಲಿದೆ.

ನುಚ್ಚಿಗೆ ಹಿಂಗಾರಿಯ ಬಿಳಿಜೋಳವೇ ಆಗಬೇಕು. ಮಸ್ಕಿ, ಲಿಂಗಸುಗೂರು ಕಡೆಯ ಎರೆಹೊಲದಲ್ಲಿ ಮಳೆಗಾಲದ ಕೊನೆಗೆ ಬಿತ್ತಿದ ಈ ಜೋಳ ಮಣ್ಣಿನ ಹಸಿಯನ್ನೇ ನಂಬಿ, ಚಳಿಗೆ ತೆನೆಗಟ್ಟುತ್ತದೆ. ಕಾಳಿಗೆ ತುಸು ನೀರು ಚಿಮುಕಿಸಿ, ಬೀಸುವಕಲ್ಲಿನಲ್ಲಿ ತರಿತರಿಯಾಗಿ ಒಡೆದು, ಜರಡಿ ಹಿಡಿದು, ಮೊರದಲ್ಲಿ ಕೇರಿ ಹೊಟ್ಟು ಹಾರಿಸಬೇಕು. ಜರಡಿಯಿಂದ ಇಳಿದ ಹಿಟ್ಟನ್ನು ತೆಗೆದಿಡಬೇಕು, ಅದಕ್ಕೂ ಕೆಲಸವಿದೆ.

ಒಂದು ಅಳತೆ ನುಚ್ಚಿಗೆ ನಾಲ್ಕೈದು ಅಳತೆ ನೀರು. ಎಸರು ಮರಳಿದಾಗ ಉಪ್ಪು ಹಾಕಿ, ತೊಳೆದ ನುಚ್ಚು ಸುರಿದು, ಉರಿ ಸಣ್ಣಗೆ ಮಾಡುತ್ತೇನೆ. ಮೊದಮೊದಲು ಕಾಳು ತಳದಲ್ಲಿ ಕೂರುತ್ತದೆ, ನೀರು ಮೇಲೆ ತೆಳ್ಳಗೆ ಆಡುತ್ತದೆ. ಆಗ ಕೈ ಬಿಟ್ಟರೆ ತಳ ಹತ್ತೀತು. ಬರಬರುತ್ತ ನುಚ್ಚು ಅರಳಿ ನೀರನ್ನು ಒಳಗೆಳೆದುಕೊಳ್ಳುತ್ತದೆ, ಕುದಿಯ ಸಪ್ಪಳ ದಪ್ಪಗಾಗಿ ಗುಳುಗುಳು ಎನ್ನತೊಡಗುತ್ತದೆ. ಒಂದು ತರಿಯನ್ನು ಬೆರಳಲ್ಲಿ ಹಿಚುಕಿ ನೋಡಬೇಕು. ನಡುವಿನ ಬಿಳಿ ಚುಕ್ಕೆ ಕರಗಿದ್ದರೆ ಬೆಂದಂತೆ. ಆಗ ತೆಗೆದಿಟ್ಟ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ ಹೊಯ್ದು, ಇನ್ನೊಮ್ಮೆ ಕುದಿಸಿ ಮುಚ್ಚಿಡುತ್ತೇನೆ.

ಗಂಗಾಳಕ್ಕೆ ನುಚ್ಚು, ಮೇಲೆ ಮಜ್ಜಿಗೆ, ಬದಿಗೆ ಗುರೆಳ್ಳು ಚಟ್ನಿ ಮತ್ತು ಗುದ್ದಿದ ಉಳ್ಳಾಗಡ್ಡಿ. ಪುಂಡಿಪಲ್ಯವಿದ್ದರಂತೂ ಆ ಹುಳಿಗೆ ನುಚ್ಚಿನ ಸಪ್ಪೆಯೂ ಸಿಹಿಯೆನಿಸುತ್ತದೆ.

ಮುಂಜಾನೆ ಹೀಗೆ ಕಾಳು ಬೇಯಿಸಿ ಉಣ್ಣುವವರು ನಾವಷ್ಟೇ ಅಲ್ಲ. ಇಥಿಯೋಪಿಯಾದ ಮನೆಗಳಲ್ಲಿ ಬಾರ್ಲಿ ಹಿಟ್ಟನ್ನು ಗಟ್ಟಿಯಾಗಿ ತಿರುವಿ ಗೆನ್ಫೊ ಮಾಡುತ್ತಾರೆ. ನಡುವೆ ಕುಳಿ ತೆಗೆದು, ತುಪ್ಪ ಮತ್ತು ಖಾರದಪುಡಿ ತುಂಬಿ ಮುಂಜಾನೆ ಉಣ್ಣುತ್ತಾರೆ. ನಮ್ಮ ಜೋಳದ ತವರೂ ಆಫ್ರಿಕದ ಆ ಈಶಾನ್ಯ ಸೀಮೆಯೇ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟ ಕಾಳು ನಮ್ಮ ಎರೆಮಣ್ಣಿಗೆ ಒಗ್ಗಿ, ನಮ್ಮದೇ ಆಯಿತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಸೀಮೆ ಭತ್ತದ ನಾಡಾಯಿತು. ಅನ್ನ ಬಂದದ್ದು ಭಾಗ್ಯವೇ. ಆದರೆ ಅನ್ನಕ್ಕೆ ಕುಕ್ಕರಿನ ಸೀಟಿ ಎಣಿಸಿದರೆ ಸಾಕು, ನುಚ್ಚಿಗೆ ಒಲೆಯ ಮುಂದೆ ನಿಂತ ಮನುಷ್ಯರು ಬೇಕು. ಈ ಕೈಹದ ಬರೆದಿಟ್ಟರೆ ಬರುವಂಥದ್ದಲ್ಲ. ಅದಕ್ಕೇ ಮನೆಯ ಮಕ್ಕಳ ಕೈಗೂ ಸೌಟು ಕೊಟ್ಟು ತಿರುವಿಸುತ್ತೇನೆ. ತರಿ ಹಿಚುಕಿ ಬೆಂದಿದೆಯೋ ಇಲ್ಲವೋ ಎಂದು ಅವರೇ ಹೇಳಬೇಕು.