ಹುಸಿಮೊಟ್ಟೆ

ನಿವೃತ್ತನಾದವನಿಗೆ ಒಂದು ಹವ್ಯಾಸ ಬೇಕೆಂದು ಎಲ್ಲರೂ ಹೇಳುತ್ತಾರೆ. ಅದು ಮನೆಯವರಿಗೂ ಬೇಕೆ ಎಂದು ಯಾರೂ ಕೇಳುವುದಿಲ್ಲ. ಒಂದು ಸಂಜೆ ಶಿವಾಜಿನಗರದಿಂದ ಒಂದು ಜೊತೆ ಕ್ಯಾನರಿ ಹಕ್ಕಿಗಳನ್ನು ಪಂಜರ ಸಮೇತ ಹೊತ್ತು ತಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಇವಕ್ಕೆ ಏನು ಹಾಕಬೇಕು?"

"ಕಾಳು, ಒಂದಿಷ್ಟು ಸೊಪ್ಪು" ಎಂದೆ. ಇನ್ನೊಂದು ಪದಾರ್ಥದ ಹೆಸರನ್ನು ಬೇಕೆಂದೇ ನುಂಗಿಕೊಂಡೆ.

ಗಿಣಿಯನ್ನೇ ತರಬಹುದಿತ್ತಲ್ಲ ಎಂದರು ನೆರೆಯವರು. ನಮ್ಮ ಕಾಡಿನ ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. ಕ್ಯಾನರಿಯಾದರೋ ಅಟ್ಲಾಂಟಿಕ್ ಸಮುದ್ರದ ದ್ವೀಪಗಳಿಂದ ಹೊರಟು, ಶತಮಾನಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದ ಕುಲ. ಆ ದ್ವೀಪಗಳಿಗೆ ಹೆಸರು ಬಂದದ್ದು ಲ್ಯಾಟಿನ್ನಿನ 'ನಾಯಿ' ಎಂಬ ಪದದಿಂದಂತೆ. ಇಷ್ಟು ಇಂಪಾಗಿ ಹಾಡುವ ಪ್ರಾಣಿಗೆ ನಾಯಿಯ ಹೆಸರು!

ಸಂಕ್ರಾಂತಿ ಕಳೆದು ಹಗಲು ಬೆಳೆಯತೊಡಗಿತು. ಗಂಡು ಗಂಟಲುಬ್ಬಿಸಿ ಹಾಡಿತು. ಹೆಣ್ಣು ಗೋಣಿಯ ನೂಲನ್ನು ಎಳೆದೆಳೆದು ಗೂಡು ಹೆಣೆಯಿತು. ಒಂದು ಬೆಳಗ್ಗೆ ಗೂಡಿನಲ್ಲಿ ತಿಳಿನೀಲಿಯ, ಕಂದುಚುಕ್ಕಿಯ ಮೊಟ್ಟೆ. ದಿನಕ್ಕೊಂದರಂತೆ ನಾಲ್ಕಾದುವು.

ಹಕ್ಕಿ ಮಾರಿದವನು ಆಗಲೇ ಎಚ್ಚರಿಸಿದ್ದ: "ಇಟ್ಟ ಮೊಟ್ಟೆಯನ್ನು ಆಯಾ ದಿನವೇ ತೆಗೆದು ಪ್ಲಾಸ್ಟಿಕ್ ಮೊಟ್ಟೆ ಇಡಿ ಸ್ವಾಮೀ. ನಾಲ್ಕನೆಯದು ಬಿದ್ದ ದಿನ ಎಲ್ಲವನ್ನೂ ವಾಪಸು ಕೊಡಿ." ಹೆಣ್ಣು ಮೊದಲ ಮೊಟ್ಟೆಗೇ ಕಾವು ಕೂತರೆ ಮರಿಗಳು ಹಿಂದುಮುಂದಾಗಿ ಹುಟ್ಟುತ್ತವೆ ಎಂಬುದು ಅವನ ಲೆಕ್ಕ. ನನಗೆ ಅದೇಕೋ ಸರಿಬರಲಿಲ್ಲ. ಬಸುರಿಯನ್ನು ವಂಚಿಸುವುದೆ? ಅವನು ಕೊಟ್ಟ ಹುಸಿಮೊಟ್ಟೆಗಳ ಪೊಟ್ಟಣವನ್ನು ಮೇಜಿನ ಖಾನೆಗೆ ಸೇರಿಸಿ, ನಾನೊಬ್ಬ ಧರ್ಮಿಷ್ಠನೆಂದು ಬೀಗಿದೆ.

ಹದಿಮೂರು ದಿನಕ್ಕೆ ಮೊದಲ ಮರಿ ಬಂತು. ಇನ್ನು ನುಂಗಿದ ಮಾತನ್ನು ಕಕ್ಕಲೇಬೇಕಾಯಿತು: ಮರಿಗಳಿಗೆ ಬೇಯಿಸಿದ ಕೋಳಿಮೊಟ್ಟೆಯನ್ನು ರಸ್ಕಿನ ಪುಡಿಯಲ್ಲಿ ಕಲಸಿ ಇಡಬೇಕು, ತಾಯಿ ಅದನ್ನು ತಿಂದು ಉಣಿಸುತ್ತದೆ. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿದ್ದೇ ಇಲ್ಲ. ಹೆಂಡತಿ ಒಂದು ಹಳೆಯ ಪಾತ್ರೆಯನ್ನೂ ಕರೆಂಟಿನ ಒಲೆಯನ್ನೂ ಬಾಲ್ಕನಿಗೆ ಗಡೀಪಾರು ಮಾಡಿ, "ನಿಮ್ಮ ಅಡಿಗೆ ಅಲ್ಲೇ ಮಾಡಿಕೊಳ್ಳಿ" ಎಂದಳು.

ನಾಲ್ಕನೆಯದು ಹೊರಬರುವ ಹೊತ್ತಿಗೆ ಮೊದಲನೆಯದು ಅದರ ಮೂರರಷ್ಟು ಬೆಳೆದಿತ್ತು. ತಾಯಿ ಬಂದೊಡನೆ ಎಲ್ಲವೂ ಕುತ್ತಿಗೆ ಚಾಚಿ ಬಾಯಿ ತೆರೆಯುವುವು. ಎತ್ತರದ ಬಾಯಿಗೇ ತುತ್ತು. ಕಿರಿಯದರ ಬಾಯಿ ಅಣ್ಣಂದಿರ ಹೊಟ್ಟೆಯ ಕೆಳಗೆಲ್ಲೋ ತೆರೆದು ಮುಚ್ಚುತ್ತಿತ್ತು. ಎರಡು ಗ್ರಾಂ ತೂಕವೂ ಇಲ್ಲದ ಜೀವ. ಬೆಂಕಿಕಡ್ಡಿಯ ತುದಿಯಲ್ಲಿ ಮೊಟ್ಟೆಯ ಹಳದಿ ಹಿಡಿದು ಉಣಿಸಲು ನೋಡಿದೆ; ಕೈ ನಡುಗಿತು. ಹಿಂದೆ ನಿಂತಿದ್ದ ಹೆಂಡತಿ ಕಡ್ಡಿಯನ್ನು ಕಸಿದುಕೊಂಡಳು. ಅರುವತ್ತು ವರ್ಷ ಮೊಟ್ಟೆ ಮುಟ್ಟದ ಕೈ! ಸಂಜೆಯತನಕ ಗಂಟೆಗೊಮ್ಮೆ ಉಣಿಸಿದಳು.

ಬೆಳಗ್ಗೆ ನೋಡಿದರೆ ಅದು ಗೂಡಿನ ತಳದಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಅವಳೇ ಒಂದು ಎಲೆಯಲ್ಲಿ ಎತ್ತಿ ಮಲ್ಲಿಗೆಯ ಕುಂಡದಲ್ಲಿ ಮಣ್ಣು ಮಾಡಿದಳು. ಕೈ ತೊಳೆದು ಬಂದು, "ಅಂಗಡಿಯವನು ಮೊದಲೇ ಹೇಳಿದ್ದನಲ್ಲವೆ?" ಎಂದಳು. ನಾನು ಪತ್ರಿಕೆ ಓದುತ್ತಿರುವಂತೆ ನಟಿಸಿದೆ.

ಉಳಿದ ಮೂರು ಬದುಕಿದುವು. ಗರಿ ಕಳಚುವ ಕಾಲ ಬಂದು ತಂದೆ ಮೌನವಾದಾಗ, ಮಗನೊಬ್ಬ ಪರೀಕ್ಷೆಗೆ ಓದುವ ಹುಡುಗನಂತೆ ಮೂಲೆಯಲ್ಲಿ ಗೊಣಗಿಕೊಂಡು ಹಾಡು ಕಲಿಯುತ್ತಿದ್ದ.

ಮರುವರ್ಷ ಮತ್ತೆ ಸಂಕ್ರಾಂತಿ ಕಳೆಯಿತು. ಈ ಸಲ ಖಾನೆಯಿಂದ ಪೊಟ್ಟಣ ತೆಗೆದೆ. ಚಮಚದಿಂದ ಮೊಟ್ಟೆಯನ್ನೆತ್ತಿ, ಹತ್ತಿ ಹಾಸಿದ ಡಬ್ಬಿಯಲ್ಲಿಟ್ಟು, ಅದರ ಜಾಗದಲ್ಲಿ ಹುಸಿಯದನ್ನು ಇರಿಸಿದೆ. ತಾಯಿ ಬಂದು ತಲೆ ವಾರೆಮಾಡಿ ಒಂದು ಕ್ಷಣ ನೋಡಿತು. ಆಮೇಲೆ ಗರಿ ಅರಳಿಸಿ ಅದರ ಮೇಲೆ ಕುಳಿತಿತು.

"ಗೊತ್ತಾಯಿತೇನು ಅದಕ್ಕೆ?" ಎಂದಳು ಹೆಂಡತಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಇಲ್ಲ" ಎಂದೆ. ಅತ್ತ ನೋಡಲು ಮಾತ್ರ ಮನಸ್ಸಾಗಲಿಲ್ಲ.

ನಾಲ್ಕು ಮರಿಗಳೂ ಒಂದೇ ದಿನ ಹೊರಬಂದುವು. ಮಧ್ಯಾಹ್ನ ನೋಡುತ್ತೇನೆ, ಬಾಲ್ಕನಿಯಲ್ಲಿದ್ದ ಹಳೆಯ ಪಾತ್ರೆ ಅಡಿಗೆಮನೆಯ ಒಲೆಯ ಮೇಲಿತ್ತು, ನೀರು ಕುದಿಯುತ್ತಿತ್ತು.