ಬಲ ಬೇಕಾದವರಿಗೆ ಬಾಗಿಲು ತೆರೆದಿದೆಯೇ?

ಜಿಮ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕನ್ನಡಿಯೆದುರು ತೋಳು ಉಬ್ಬಿಸುವ ಯುವಕ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವ ಹಿರಿಯರು, ಗಾಲಿಕುರ್ಚಿಯ ಸಹೋದರ, ದೃಷ್ಟಿಯಿಲ್ಲದ ಸಹೋದರಿ ಆ ಚಿತ್ರದಲ್ಲಿರುವುದಿಲ್ಲ. ಆದರೆ ಹಾಸಿಗೆಯಿಂದ ಏಳಲು, ಗಾಲಿಕುರ್ಚಿಯಿಂದ ಮಂಚಕ್ಕೆ ದಾಟಲು ತೋಳುಕಾಲುಗಳ ಬಲ ಹೆಚ್ಚು ಬೇಕಾಗಿರುವುದು ಇಂಥವರಿಗೇ. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವಿಕಲಚೇತನರನ್ನೂ ವೃದ್ಧರನ್ನೂ ಅದು ಹೊರಗಿಟ್ಟಿಲ್ಲ.

ನಮ್ಮ ಜಮಾಅತ್‌ನ ಸಭಾಭವನದ ಒಂದು ಕೋಣೆಯಲ್ಲಿ ವ್ಯಾಯಾಮಶಾಲೆ ತೆರೆಯುವುದೆಂದು ತೀರ್ಮಾನವಾದಾಗ ಸಲಕರಣೆ ಆರಿಸುವ ಹೊಣೆ ನಮ್ಮ ಐವರ ಪಾಲಿಗೆ ಬಂತು. ಹಣ ದಾನಿಗಳದ್ದು, ಅಂದರೆ ಅಮಾನತ್ತು. ಅಂಗಡಿಯಲ್ಲಿ ಮೊದಲು ತೋರಿಸಿದ ಯಂತ್ರಗಳಲ್ಲೆಲ್ಲ ಆಸನವನ್ನು ಬೆಸೆದು ಕೂರಿಸಲಾಗಿತ್ತು. ಅತಿ ಕಡಿಮೆ ಭಾರವೇ 5 ಕಿಲೋ. ಗಾಲಿಕುರ್ಚಿಯವರ ವಿಷಯ ಎತ್ತಿದೆವು. “ಅಂಥವರು ಎಷ್ಟು ಜನ ಬರ್ತಾರೆ ಸಾರ್?” ಎಂದರು ಮಾರಾಟಗಾರರು. ಮೆಟ್ಟಿಲಿರುವುದರಿಂದ ಅವರು ಬರುವುದಿಲ್ಲ. ಅವರು ಬರುವುದಿಲ್ಲವೆಂದು ನಾವು ಇಳಿಜಾರು ಕಟ್ಟುವುದಿಲ್ಲ.

ಹಾಗಾಗಿ ಬಳಸಬೇಕಾದವರನ್ನೇ ಕರೆದು ಕೇಳಿದೆವು. ಗಾಲಿಕುರ್ಚಿ ಬಳಸುವ ಯುವಕನೊಬ್ಬ, “ಯಂತ್ರ ಆಮೇಲೆ, ಮೊದಲು ಬಾಗಿಲು ಅಳೆಯಿರಿ” ಎಂದ. ಬಾಗಿಲು 90 ಸೆಂ.ಮೀ. ಅಗಲವಿರಬೇಕು. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಕುರ್ಚಿ ತಿರುಗಿಸಲು ಸುಮಾರು 150 ಸೆಂ.ಮೀ. ಜಾಗ ಬೇಕು. ಅವನ ಸಲಹೆಯಂತೆ ಆಸನ ಕಳಚಿ ಬದಿಗಿಡಬಹುದಾದ, ರಾಟೆಯ ಎತ್ತರ ಬದಲಿಸಬಹುದಾದ ಕೇಬಲ್ ಯಂತ್ರವನ್ನು ಆರಿಸಿದೆವು. ದಿನವಿಡೀ ಗಾಲಿ ತಳ್ಳುವ ಭುಜಗಳಿಗೆ ಎಳೆಯುವ ವ್ಯಾಯಾಮ ಮುಖ್ಯ. ಅದನ್ನು ಇದರಲ್ಲಿ ಗಾಲಿಕುರ್ಚಿಯಲ್ಲೇ ಕುಳಿತು ಮಾಡಬಹುದು. ಹಿಡಿತ ಸಾಲದವರಿಗೆ ಮಣಿಕಟ್ಟಿಗೆ ಕಟ್ಟುವ ಪಟ್ಟಿ, ಹಿರಿಯರಿಗೆ ರಬ್ಬರ್ ಪಟ್ಟಿ ಮತ್ತು 1 ಕಿಲೋದ ಡಂಬೆಲ್, ದೃಷ್ಟಿಯಿಲ್ಲದವರಿಗೆ ಬೆರಳಿಗೆ ತಾಕುವ ಉಬ್ಬು ಅಂಕಿ ಹೀಗೆ ಪಟ್ಟಿ ಬೆಳೆಯಿತು. ಮಹಿಳೆಯರಿಗೆ ಪ್ರತ್ಯೇಕ ಸಮಯವೂ ಗೊತ್ತಾಯಿತು.

ಬೆಂಚಿನ ಬಗ್ಗೆ ಹೆಚ್ಚು ಚರ್ಚೆ ನಡೆಯಿತು. ಸಾಮಾನ್ಯ ಪವರ್‌ಲಿಫ್ಟಿಂಗ್ ಸ್ಪರ್ಧೆಯ ಬೆಂಚು ಸುಮಾರು 30 ಸೆಂ.ಮೀ. ಅಗಲ, ಮಲಗಿದವರು ಕಾಲನ್ನು ನೆಲಕ್ಕೆ ಊರಿ ಸಮತೋಲ ಕಾಯ್ದುಕೊಳ್ಳುತ್ತಾರೆ. ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ ಕಾಲೂ ಬೆಂಚಿನ ಮೇಲೆಯೇ ಇರುವುದರಿಂದ ಅದರ ಅಗಲ 61 ಸೆಂ.ಮೀ. ಪಶ್ಚಿಮ ಬಂಗಾಳದಲ್ಲಿ ಹುಟ್ಟಿ, ಪೋಲಿಯೋ ಪೀಡಿತರಾಗಿ, ಬೆಂಗಳೂರಿನಲ್ಲಿ ತರಬೇತಿ ಪಡೆದ ಸಕೀನಾ ಖಾತೂನ್ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದು ಈ ಕ್ರೀಡೆಯಲ್ಲೇ. ಛಲ ಅವರದ್ದೇ, ನಿಜ. ಆದರೆ ದೇಹಕ್ಕೆ ಹೊಂದುವ ಬೆಂಚೇ ಇಲ್ಲದಿದ್ದರೆ ಆ ಛಲ ಎಲ್ಲಿ ಮಲಗಿ ಭಾರ ಎತ್ತಬೇಕಿತ್ತು?

ನಾವು ಅಗಲದ ಬೆಂಚನ್ನೇ ಕೊಂಡೆವು. ಅದಕ್ಕಾಗಿ ಯುವಕರು ಬಯಸಿದ್ದ ಎರಡನೆಯ ಟ್ರೆಡ್‌ಮಿಲ್ ಕೈಬಿಡಬೇಕಾಯಿತು. ಗೊಣಗಿದವರೂ ಇದ್ದರು. ಆದರೆ ಕಾಲು ಮುರಿದು ಗುಣವಾಗುತ್ತಿರುವ ಚಾಲಕ, ಮಂಡಿನೋವಿನ ಅಜ್ಜಿ, ಗೊಣಗಿದ ಯುವಕ ಎಲ್ಲರಿಗೂ ಅದೇ ಕೇಬಲ್ ಯಂತ್ರ, ಅದೇ ಬೆಂಚು ಒದಗುತ್ತಿದೆ. ಒಬ್ಬರಿಗಷ್ಟೇ ಹೊಂದುವ ಯಂತ್ರಕ್ಕಿಂತ ಇದು ದುಬಾರಿಯೆನ್ನಲು ನಮಗೆ ಕಾರಣ ಕಾಣದು.

ಬಲಿಷ್ಠ ವಿಶ್ವಾಸಿಯ ಹಿರಿಮೆ ಸಾರುವ ಹದೀಸ್ ನಮ್ಮವರ ಬಾಯಲ್ಲಿ ಸದಾ ಕೇಳಿಬರುತ್ತದೆ. ಬಲಿಷ್ಠ, ದುರ್ಬಲ ಇಬ್ಬರಲ್ಲೂ ಒಳಿತಿದೆಯೆಂದು ಅದೇ ಹದೀಸ್ ಮುಂದುವರಿದು ಹೇಳುವುದನ್ನು ಮಾತ್ರ ಬಿಟ್ಟುಬಿಡುತ್ತೇವೆ. ನಿಮ್ಮೂರಿನ ಸಂಘವೋ ಜಮಾಅತೋ ಸಲಕರಣೆ ಕೊಳ್ಳಲು ಹೊರಟರೆ, ಬಾಗಿಲ ಹೊರಗೆ ಉಳಿದವರೊಬ್ಬರನ್ನು ಅಂಗಡಿಗೆ ಜೊತೆಯಲ್ಲೇ ಕರೆದೊಯ್ಯಿರಿ. ಹಣ ಕೊಡುವ ಮೊದಲು ಅವರು ಒಮ್ಮೆ ಕುಳಿತು ನೋಡಲಿ.