ತೂಕ ಇಳಿಯಿತು, ಸಿಟ್ಟು ಏರಿತು

ಕಳೆದ ವಾರ ಅಲ್ಲಾಳಸಂದ್ರ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗ ಪರಿಚಿತರೊಬ್ಬರು ಎದುರಾದರು. ಮೂರು ತಿಂಗಳಿಂದ ರಾತ್ರಿಯ ಊಟ ಬಿಟ್ಟಿರುವುದಾಗಿಯೂ, ಒಂಬತ್ತು ಕಿಲೋ ಇಳಿದಿರುವುದಾಗಿಯೂ ಸಂಭ್ರಮದಿಂದ ಹೇಳಿಕೊಂಡರು. ಅಷ್ಟರಲ್ಲಿ ಹಿಂದಿನಿಂದ ಗಂಟೆ ಬಾರಿಸುತ್ತಾ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದ. ಏಳೆಂಟು ವರ್ಷದವನಿದ್ದಾನು. ಇವರು ಅವನ ಮೇಲೆ ಎಷ್ಟು ಜೋರಾಗಿ ಹರಿಹಾಯ್ದರೆಂದರೆ, ಮಗು ಹೆದರಿ ಇಳಿದು ಸೈಕಲ್ಲನ್ನು ತಳ್ಳಿಕೊಂಡೇ ಹೋಯಿತು. ಆ ಮುಖದ ಕೆಂಪನ್ನು ನಾನು ಹಿಂದೆ ಎಲ್ಲಿಯೋ ಕಂಡಿದ್ದೇನೆ ಎನ್ನಿಸಿತು. ಮನೆ ಸೇರುವ ಹೊತ್ತಿಗೆ ನೆನಪಾಯಿತು. ಎರಡು ಮೂರು ವರ್ಷಗಳ ಹಿಂದೆ ನಮ್ಮ ಮನೆಯ ಕನ್ನಡಿಯಲ್ಲಿಯೇ ಅದನ್ನು ಕಂಡಿದ್ದೆ. ಅದನ್ನು ಬರೆದಿಡಬೇಕೆಂದು ಅಂದಿನಿಂದ ಅಂದುಕೊಳ್ಳುತ್ತಲೇ ಇದ್ದೆ, ಈಗ ಕುಳಿತಿದ್ದೇನೆ.

ನಾನು ನಿವೃತ್ತನಾದದ್ದು 2018ರಲ್ಲಿ. ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದು ನಿಂತೇ ಇದ್ದವನು ಒಮ್ಮೆಗೇ ಕುರ್ಚಿಗೆ ಬಿದ್ದೆ. 2022ರ ನವೆಂಬರಿನ ಹೊತ್ತಿಗೆ ತೂಕ 86 ಕಿಲೋ ಆಗಿತ್ತು. ಎತ್ತರ ಐದಡಿ ಆರಂಗುಲ. ಸಕ್ಕರೆ ಕಾಯಿಲೆ ಅದಕ್ಕೆ ಮೊದಲೇ ಜೊತೆಯಾಗಿತ್ತು. ಹೆಬ್ಬಾಳದಲ್ಲಿ ನಾನು ತೋರಿಸಿಕೊಳ್ಳುವ ವೈದ್ಯರು, "ಮೇಷ್ಟ್ರೇ, ತಿಂಗಳಿಗೆ ಎರಡು ಕಿಲೋ ಇಳಿಸಿದರೆ ಸಾಕು, ಅವಸರ ಬೇಡ" ಎಂದರು. ಮೇಷ್ಟರಿಗೆ ಯಾರಾದರೂ ಪಾಠ ಹೇಳಿದರೆ ಪೂರ್ತಿ ಕೇಳಿಸುವುದಿಲ್ಲ. ನನಗೆ 'ಇಳಿಸಿ' ಎಂಬುದೊಂದು ಕೇಳಿಸಿತು. ಅಂದಿನಿಂದಲೇ ರಾತ್ರಿಯ ಊಟ ಬಿಟ್ಟೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಸಣ್ಣ ಮುದ್ದೆ ಮತ್ತು ಸೊಪ್ಪಿನ ಸಾರು, ಸಂಜೆ ಸಕ್ಕರೆಯಿಲ್ಲದ ಕಾಫಿ. ಜೊತೆಗೆ ಎರಡು ಹೊತ್ತೂ ನಡಿಗೆ. ತಿಂಗಳಿಗೆ ಮೂರೂವರೆ ಕಿಲೋ ಲೆಕ್ಕದಲ್ಲಿ ನಾಲ್ಕು ತಿಂಗಳಿಗೆ 72ಕ್ಕೆ ಬಂದೆ.

ಮೊದಲ ತಿಂಗಳು ನನ್ನ ಆನಂದಕ್ಕೆ ಪಾರವಿರಲಿಲ್ಲ. ಮೈ ಹಗುರ, ಮನಸ್ಸು ಇನ್ನೂ ಹಗುರ. ಮುಂಜಾನೆ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು. ದೊಗಲೆಯಾದ ಅಂಗಿಗಳನ್ನೆಲ್ಲ ಕಟ್ಟಿ ದಾನ ಮಾಡಿದೆ. ಆರ್.ಟಿ. ನಗರದಲ್ಲಿರುವ ತಂಗಿಯ ಮನೆಗೆ ಹೋಗಿ ಅವಳ ಯಜಮಾನರಿಗೆ, ಅವರು ಚಕ್ಕುಲಿ ತಿನ್ನುತ್ತಿರುವಾಗಲೇ, ಒಂದು ಗಂಟೆ ಆಹಾರ ಸಂಯಮದ ಬಗ್ಗೆ ಉಪನ್ಯಾಸ ಮಾಡಿದೆ. ಪಾಪ, ಅವರು ತಟ್ಟೆಯನ್ನು ಮೇಜಿನ ಕೆಳಗೆ ಇಟ್ಟುಕೊಂಡರು.

ಆಮೇಲೆ ಶುರುವಾಯಿತು. ತರಕಾರಿಯವನು ಎರಡು ರೂಪಾಯಿ ಚಿಲ್ಲರೆ ಇಲ್ಲವೆಂದರೆ ಸಿಟ್ಟು. ದಿನಪತ್ರಿಕೆ ಹತ್ತು ನಿಮಿಷ ತಡವಾದರೆ ಸಿಟ್ಟು. ನಮ್ಮ ಉಪನಗರದ ಬೀದಿಯಲ್ಲಿ ಹೊಸ ಕಟ್ಟಡಕ್ಕಾಗಿ ಒಂದು ಹೊಂಗೆಯ ಮರವನ್ನು ಕಡಿದ ದಿನ, ರಸ್ತೆಯ ನಡುವೆ ನಿಂತು ಅತ್ತೇಬಿಟ್ಟೆ. ಅಪ್ಪ ತೀರಿಕೊಂಡಾಗಲೂ ನಾಲ್ಕು ಜನರೆದುರು ಹಾಗೆ ಅತ್ತವನಲ್ಲ. ಎದುರಾದವರೆಲ್ಲ "ಏನ್ ಸಾರ್, ಇಳಿದುಹೋಗಿದ್ದೀರಿ, ಹುಷಾರಿಲ್ವಾ?" ಎಂದು ಕೇಳುವರು. ತೂಕ ಇಳಿಸಲು ಪಟ್ಟ ಪಾಡು ನಮ್ಮ ಜನರ ಕಣ್ಣಿಗೆ ಕಾಯಿಲೆಯಾಗಿಯೇ ಕಾಣುತ್ತದೆ. ಕನ್ನಡಿ ನೋಡಿದರೆ, ಕೊನೆಯ ದಿನಗಳಲ್ಲಿ ಬತ್ತಿಹೋಗಿದ್ದ ಅಪ್ಪನ ಕೆನ್ನೆ, ಅಪ್ಪನ ಕತ್ತು. ಒಂದೊಂದು ದಿನ ಕನ್ನಡಿಯ ಮುಂದೆ ನಿಲ್ಲಲು ಭಯವಾಗುತ್ತಿತ್ತು.

ಇನ್ನೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಅಡುಗೆ ಮನೆಗೆ ಎಂದೂ ಕಾಲಿಡದ ನಾನು ರಾತ್ರಿ ಹನ್ನೊಂದರವರೆಗೆ ಟಿ.ವಿ.ಯಲ್ಲಿ ಅಡುಗೆ ಕಾರ್ಯಕ್ರಮ ನೋಡತೊಡಗಿದೆ. ವಾಂಗೀಬಾತಿನ ಪುಡಿಗೆ ಮರಾಠಿ ಮೊಗ್ಗು ಎಷ್ಟು ಎಂಬುದು ನನಗೆ ಈಗಲೂ ಬಾಯಿಪಾಠ. ಸಂಜೆಯ ನಡಿಗೆಯಲ್ಲಿ ಬೇಕರಿಯ ಮುಂದೆ ಬಿಸಿ ಖಾರಾ ಬನ್ನಿನ ಪರಿಮಳ ಬಂದರೆ ಕಾಲು ತಾನಾಗಿ ನಿಧಾನವಾಗುತ್ತಿತ್ತು. ನಮ್ಮ ಪುರಾಣದ ತಪಸ್ವಿಗಳು ಮಾತೆತ್ತಿದರೆ ಕಮಂಡಲುವಿನ ನೀರು ಹಿಡಿದು ಶಪಿಸುವುದೇಕೆಂದು ಮಕ್ಕಳು ತರಗತಿಯಲ್ಲಿ ಕೇಳುತ್ತಿದ್ದರು. ಆಗ ನನಗೆ ಉತ್ತರ ಹೊಳೆದಿರಲಿಲ್ಲ. ದೂರ್ವಾಸರು ಕಾಡಿನಲ್ಲಿ ಪಾಂಡವರನ್ನು ಹುಡುಕಿಕೊಂಡು ಬಂದದ್ದೂ ಊಟಕ್ಕಾಗಿಯೇ ಅಲ್ಲವೇ!

ಎಲ್ಲಕ್ಕಿಂತ ಕೆಟ್ಟದ್ದು ನಡೆದದ್ದು 2023ರ ಯುಗಾದಿಯಂದು, ಮಾರ್ಚ್ 22. ಮಗ, ಸೊಸೆ, ಮೊಮ್ಮಗಳು ಬಂದಿದ್ದರು. ನನ್ನ ಶ್ರೀಮತಿ ಬೆಳಿಗ್ಗೆ ಐದಕ್ಕೇ ಎದ್ದು ಹೂರಣ ರುಬ್ಬಿ ಒಬ್ಬಟ್ಟು ಮಾಡಿದ್ದಳು. ಎಲ್ಲರೂ ಎಲೆಯ ಮುಂದೆ ಕುಳಿತೆವು. "ಹಬ್ಬದ ದಿನ, ಒಂದು ಚೂರು ಬಾಯಿಗೆ ಹಾಕ್ಕೊಳ್ಳಿ ಅಂದ್ರೆ" ಎಂದು ಅವಳು ಒಂದು ಒಬ್ಬಟ್ಟನ್ನು ನನ್ನ ಎಲೆಗೆ ಹಾಕಿದಳು. ನಾನು ಎಲೆಯನ್ನೇ ತಳ್ಳಿ ಎದ್ದುಬಿಟ್ಟೆ. "ನನ್ನನ್ನು ಸಾಯಿಸಬೇಕು ಅಂತಲೇ ಹಾಕ್ತೀಯಾ ನೀನು?" ಎಂದೆ. ಮೊಮ್ಮಗಳು ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಶ್ರೀಮತಿ ಒಂದು ಮಾತೂ ಆಡದೆ ಎಲೆಯನ್ನು ಎತ್ತಿಕೊಂಡು ಒಳಗೆ ಹೋದಳು. ಮದುವೆಯಾದ ಮೇಲೆ ನಾನು ಅವಳಿಗೆ ಅಂಥ ಮಾತನ್ನು ಆಡಿದ್ದು ಅದೇ ಮೊದಲು. ರೂಮಿನ ಬಾಗಿಲು ಹಾಕಿಕೊಂಡು, ಸಿಟ್ಟು ಇಳಿಯುವ ಮೊದಲೇ ಅಳು ಬಂದು, ಏನು ಮಾಡುವುದೆಂದು ತಿಳಿಯದೆ ಮಲಗಿದೆ.

ಮೂರು ದಿನ ಕಳೆಯಿತು. ರಾತ್ರಿ ಹತ್ತೂವರೆಗೆ ಕೈ ನಡುಗತೊಡಗಿತು, ಮೈಯೆಲ್ಲ ತಣ್ಣನೆಯ ಬೆವರು. ಹಾಗಿದ್ದೂ ನಾನು ಕೇಬಲ್ಲಿನವನ ಬಿಲ್ಲಿನ ಬಗ್ಗೆ ಮಗನ ಮೇಲೆ ಕೂಗಾಡುತ್ತಲೇ ಇದ್ದೆನಂತೆ. ಮಗ ಬೆರಳು ಚುಚ್ಚಿ ನೋಡಿದ, ಸಕ್ಕರೆ 54. ಶ್ರೀಮತಿ ಸಕ್ಕರೆ ನೀರು ಕುಡಿಸಿದಳು. ಹದಿನೈದು ನಿಮಿಷದಲ್ಲಿ ನಡುಕ ನಿಂತಿತು. ಆಶ್ಚರ್ಯವೆಂದರೆ, ಕೇಬಲ್ಲಿನವನ ಮೇಲಿನ ಸಿಟ್ಟೂ ಹೋಗಿತ್ತು!

ಮರುದಿನ ಹೆಬ್ಬಾಳಕ್ಕೆ ಓಡಿದೆವು. ವೈದ್ಯರು ಮಾತ್ರೆಯ ಹಾಳೆಯನ್ನು ಕೈಗೆತ್ತಿಕೊಂಡು, "ರಾತ್ರಿ ಊಟ ಬಿಟ್ಟಿದ್ದೀರಿ ಅಂತ ನನಗೆ ಹೇಳಿದ್ದೀರಾ?" ಎಂದು ಕೇಳಿದರು. ಹೇಳಿರಲಿಲ್ಲ. ಆ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಎಂಬುದಿತ್ತು. ಹೊಟ್ಟೆಗೆ ಅನ್ನ ಬೀಳಲಿ ಬಿಡಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಊಟ ಬಿಟ್ಟು ಅದನ್ನು ನುಂಗಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮಿದುಳು ಮುಖ್ಯವಾಗಿ ಬಾಳುವುದೇ ಆ ಸಕ್ಕರೆಯ ಮೇಲೆ. ಅದು ಕಡಿಮೆಯಾದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ನಡುಕ, ಬೆವರು, ಎದೆಬಡಿತ, ಕಾರಣವಿಲ್ಲದ ಸಿಡುಕು ಎಲ್ಲವೂ ಅದರ ಪರಿವಾರ. ಮಧುಮೇಹದ ಮಾತ್ರೆ ತೆಗೆದುಕೊಳ್ಳುವ ನನ್ನ ವಯಸ್ಸಿನ ಓದುಗರು ದಯವಿಟ್ಟು ಈ ಒಂದು ಪ್ಯಾರಾವನ್ನು ಎರಡು ಸಲ ಓದಿ. ಊಟ ಬಿಡುವ ಮೊದಲು ವೈದ್ಯರಿಗೆ ಹೇಳಿ. ನನ್ನ ಹಾಗೆ ಜಾಣರಾಗಬೇಡಿ.

ಆದರೆ ಎಲ್ಲ ದಿನದ ಸಿಟ್ಟನ್ನೂ ಮಾತ್ರೆಯ ಮೇಲೆ ಹೊರಿಸುವಂತಿರಲಿಲ್ಲ. ಅವರೇ ಹೇಳಿದ ಮೇಲೆ ಒಂದಿಷ್ಟು ಓದಿದೆ. ಕೊಬ್ಬು ಸುಮ್ಮನೆ ಕುಳಿತ ಮೂಟೆಯಲ್ಲ. ಅದು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ 'ಕಣಜ ತುಂಬಿದೆ' ಎಂದು ಮಿದುಳಿಗೆ ವರ್ತಮಾನ ಕಳುಹಿಸುತ್ತಿರುತ್ತದೆ. ಇದು ಪತ್ತೆಯಾದದ್ದು 1994ರಲ್ಲಿ. ಬೇಗನೆ ತೂಕ ಇಳಿಸಿದಾಗ ಲೆಪ್ಟಿನ್ ಧುತ್ತೆಂದು ಇಳಿಯುತ್ತದೆ. ಮಿದುಳು ಬರಗಾಲ ಬಂತೆಂದು ಬಗೆಯುತ್ತದೆ. ಜಠರದಿಂದ ಹೊರಡುವ ಹಸಿವಿನ ಹಾರ್ಮೋನ್ ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರನ್ನು ಹತ್ತು ವಾರ ಅತಿ ಮಿತ ಆಹಾರದಲ್ಲಿಟ್ಟು ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಒಂದು ವರ್ಷವಾದ ಮೇಲೂ ಈ ಹಾರ್ಮೋನುಗಳು ಹಳೆಯ ನೆಲೆಗೆ ಮರಳಿರಲಿಲ್ಲ. ಹಸಿವು ಮತ್ತು ಮನಸ್ಸು ಮಿದುಳಿನಲ್ಲಿ ಎಷ್ಟು ನೆರೆಹೊರೆ ಎಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ರಿಮೊನಬ್ಯಾಂಟ್ ಎಂಬ ತೂಕ ಇಳಿಸುವ ಮಾತ್ರೆಗೆ 2006ರಲ್ಲಿ ಯುರೋಪಿನಲ್ಲಿ ಅನುಮತಿ ಸಿಕ್ಕಿತು. ಹಸಿವನ್ನು ಅದು ತಗ್ಗಿಸಿತು. ಜೊತೆಗೆ ಕೆಲವರಲ್ಲಿ ಖಿನ್ನತೆಯನ್ನೂ ಆತ್ಮಹತ್ಯೆಯ ಯೋಚನೆಯನ್ನೂ ತಂದಿತು. 2008ರಲ್ಲಿ ಅದರ ಮಾರಾಟ ನಿಲ್ಲಿಸಬೇಕಾಯಿತು. ವೈದ್ಯರ ಕಣ್ಗಾವಲಿನಲ್ಲಿ ನಿಧಾನವಾಗಿ ಇಳಿಸಿಕೊಂಡವರಲ್ಲಿ ಹೆಚ್ಚಿನವರ ಮನಸ್ಸು ಹಗುರವೇ ಆಗುತ್ತದೆ ಎಂಬುದನ್ನೂ ಹೇಳಬೇಕು. ನಾನು ಆ ಗುಂಪಿನವನಾಗಲಿಲ್ಲ, ಅಷ್ಟೆ.

ನನ್ನನ್ನು ಕಾಡಿದ್ದು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಒಂದು ಹಳೆಯ ಪ್ರಯೋಗ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಆರಿಸಿಕೊಂಡರು. ಯುದ್ಧದಲ್ಲಿ ಕೊಲ್ಲಲು ಒಪ್ಪದ, ಶಾಂತಿಯನ್ನು ನಂಬಿದ ಹುಡುಗರು ಅವರು. ಮೈಯಲ್ಲೂ ಮನಸ್ಸಿನಲ್ಲೂ ಗಟ್ಟಿಯಾದವರೆಂದು ಪರೀಕ್ಷಿಸಿಯೇ ಆರಿಸಿದ್ದರು. 24 ವಾರ ಅರೆಹೊಟ್ಟೆ: ದಿನಕ್ಕೆ ಎರಡೇ ಊಟ, ಆಲೂಗಡ್ಡೆ, ಬ್ರೆಡ್ಡು, ಗೆಡ್ಡೆಗಳು. ತೂಕದ ಕಾಲು ಭಾಗ ಇಳಿಯಿತು. ಅಹಿಂಸಾವಾದಿಗಳು ಒಬ್ಬರ ಮೇಲೊಬ್ಬರು ಸಿಡುಕತೊಡಗಿದರು, ಮಂಕಾದರು, ತಟ್ಟೆ ನೆಕ್ಕಿದರು, ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿ ಓದಿದರು. (ನನ್ನ ಮರಾಠಿ ಮೊಗ್ಗು!) ಒಬ್ಬ ಕೊಡಲಿಯಿಂದ ತನ್ನ ಕೈಯ ಮೂರು ಬೆರಳು ಕಡಿದುಕೊಂಡ, ಬೇಕೆಂದೇ ಮಾಡಿದೆನೋ ಇಲ್ಲವೋ ಎಂಬುದು ಅವನಿಗೇ ಹೇಳಲಾಗಲಿಲ್ಲ. ನನ್ನದು ಕೊಬ್ಬಿದ್ದ ಮೈ, ಅವರದು ತೆಳ್ಳಗಿನ ಮೈ, ಹೋಲಿಕೆ ಸಲ್ಲದು. ಆದರೂ, ಒಳ್ಳೆಯವರನ್ನೇ ಆರಿಸಿ ತಂದಿದ್ದರು ಎಂಬ ಸಂಗತಿ ನನ್ನ ನಿದ್ದೆ ಕೆಡಿಸಿತು.

ಏಕೆಂದರೆ ನನಗೊಬ್ಬ ಹುಡುಗ ನೆನಪಾದ. ಅದು 1991. ಯಲಹಂಕದಾಚೆಯ ಒಂದು ಪ್ರೌಢಶಾಲೆ, ಒಂಬತ್ತನೆಯ ತರಗತಿ. ರಾಜಾನುಕುಂಟೆ ಕಡೆಯ ಒಂದು ಹಳ್ಳಿಯಿಂದ ನಡೆದು ಬರುತ್ತಿದ್ದ. ಮೊದಲ ಪೀರಿಯಡ್ಡಿನಲ್ಲಿ ಚುರುಕಾಗಿರುವವನು ಮೂರನೆಯದರ ಹೊತ್ತಿಗೆ ಬೇರೆಯವನೇ ಆಗುತ್ತಿದ್ದ. ಪಕ್ಕದವನ ಮೊಣಕೈ ತಾಗಿದರೆ ಜಗಳ, ಪ್ರಶ್ನೆ ಕೇಳಿದರೆ ಉದ್ಧಟ ಉತ್ತರ, ಗದರಿದರೆ ಕಣ್ಣಲ್ಲಿ ನೀರು. ಒಂದು ದಿನ ಅವನು ಪುಸ್ತಕವನ್ನು ನೆಲಕ್ಕೆ ಎಸೆದ. ನಾನು ಬೆತ್ತ ತೆಗೆದುಕೊಂಡೆ. ಆ ಕಾಲದಲ್ಲಿ ಅದು ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಎರಡೂ ಅಂಗೈಗೆ ಬಾರಿಸಿದೆ. ಬೆಳಗಿನ ಜಾವ ಎದ್ದು ಹಾಲು ಕರೆದು ಡೈರಿಗೆ ಹಾಕಿ, ಒಂದು ಲೋಟ ಟೀ ಕುಡಿದು ಬರುತ್ತಾನೆ, ಮಧ್ಯಾಹ್ನಕ್ಕೂ ಡಬ್ಬಿ ತರುವುದಿಲ್ಲ ಎಂದು ಜವಾನ ಹೇಳಿದ. ಕೇಳಿಸಿಕೊಂಡೆ. ಏನೂ ಮಾಡಲಿಲ್ಲ. ಹತ್ತನೆಯ ತರಗತಿಗೆ ಅವನು ಬರಲಿಲ್ಲ.

ಬಿ.ಎಡ್. ಪರೀಕ್ಷೆಯಲ್ಲಿ ಮ್ಯಾಸ್ಲೋವಿನ ಅಗತ್ಯಗಳ ಗೋಪುರವನ್ನು ನಾನು ಸ್ಕೇಲಿಟ್ಟು ಬರೆದಿದ್ದೆ. ತಳದ ಮೆಟ್ಟಿಲಲ್ಲಿ ಅನ್ನ, ನೀರು, ನಿದ್ರೆ. ಒಳ್ಳೆಯ ಅಂಕಗಳೂ ಬಂದಿದ್ದವು. ಸರ್ಕಾರದ ಅಕ್ಷರ ದಾಸೋಹ 2002ರಲ್ಲಿ ಮೊದಲಾಗಿ, 8ರಿಂದ 10ನೆಯ ತರಗತಿಯ ಮಕ್ಕಳಿಗೂ ಬಿಸಿಯೂಟ ಬಂದದ್ದು 2007ರಲ್ಲಿ. ಆಗ ನಾನು, ಮೇಷ್ಟ್ರಿಗೆ ಅಕ್ಕಿಬೇಳೆಯ ಲೆಕ್ಕ ಬರೆಯುವ ಕೆಲಸವೂ ಬಂತಲ್ಲ ಎಂದು ಸ್ಟಾಫ್ ರೂಮಿನಲ್ಲಿ ಗೊಣಗಿದವರಲ್ಲಿ ಒಬ್ಬ. ನಾಲ್ಕು ತಿಂಗಳು ರಾತ್ರಿಯ ಊಟ ಬಿಟ್ಟು, ಅದೂ ಬೇಕಾಗಿಯೇ ಬಿಟ್ಟು, ಅಡುಗೆಮನೆಯಲ್ಲಿ ಎಲ್ಲವೂ ಇದ್ದು, ನಾನು ಎಲೆ ತಳ್ಳಿದೆ. ಅವನು ಪುಸ್ತಕ ಎಸೆದಿದ್ದ.

ವೈದ್ಯರು ಮಾತ್ರೆ ಬದಲಿಸಿ, ರಾತ್ರಿ ಏಳೂವರೆಗೆ ಊಟ ಮಾಡಲೇಬೇಕೆಂದು ಹೇಳಿದ ದಿನ, ಜೊತೆಗೆ ಬಂದಿದ್ದ ಶ್ರೀಮತಿಯನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಐದು ಕಿಲೋ ಕಡಿಮೆಯಾಗಿದ್ದಳು. ಅವಳಿಗೆ ಇಳಿಸಬೇಕಾದದ್ದೇನೂ ಇರಲಿಲ್ಲ; ಮೊದಲೇ ಕಡ್ಡಿಯ ಹಾಗಿದ್ದವಳು. ಆಟೋದಲ್ಲಿ ಬರುವಾಗ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳೆಲ್ಲ ನಿಂತಿದ್ದ ಹೊತ್ತಿನಲ್ಲಿ ಕೇಳಿದೆ.

"ನೀವು ಉಪವಾಸ ಕೂತಿರುವಾಗ ನನಗೆ ಗಂಟಲಲ್ಲಿ ಇಳಿಯುತ್ತೇನ್ರೀ?" ಎಂದಳು. "ಒಂದು ಲೋಟ ಮಜ್ಜಿಗೆ ಕುಡಿದು ಮಲಗ್ತಿದ್ದೆ."

ನಾಲ್ಕು ತಿಂಗಳು! ನನ್ನ ಸಿಟ್ಟು ಬೀದಿಯವರಿಗೆಲ್ಲ ಗೊತ್ತಿತ್ತು. ಅವಳೂ ಹಸಿದಿದ್ದಾಳೆಂದು ಮನೆಯಲ್ಲಿದ್ದ ನನಗೆ ಗೊತ್ತಾಗಲಿಲ್ಲ. ಅವಳಿಗೂ ಸಿಟ್ಟು ಬಂದಿರಬೇಕು, ಅಳುವೂ ಬಂದಿರಬೇಕು. "ನಿನಗೆ ಸಿಡುಕು ಬರಲಿಲ್ಲವೇ?" ಎಂದೆ. "ಇಬ್ಬರೂ ಕೂಗಾಡಿದರೆ ಒಲೆ ಹಚ್ಚೋರು ಯಾರು?" ಎಂದು ಹೊರಗೆ ನೋಡಿದಳು. ಯುಗಾದಿಯ ಮಾತಿಗಾಗಿ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ವಾಹನಗಳು ಚಲಿಸಿದವು, ಹಾರ್ನುಗಳ ಗದ್ದಲ. ಮನೆಗೆ ಬಂದ ಮೇಲೆ ಕೇಳಿದೆ.

ಈಗ ನನ್ನ ತೂಕ 76. ಏಳೂವರೆಗೆ ಇಬ್ಬರೂ ಒಟ್ಟಿಗೆ ಕೂರುತ್ತೇವೆ. ಅವಳ ತಟ್ಟೆಗೆ ಬಡಿಸುವವನು ನಾನು. 2024ರ ಯುಗಾದಿಗೆ ಅವಳು ಒಬ್ಬಟ್ಟಿನ ತಟ್ಟೆ ಹಿಡಿದು ನನ್ನ ಎಲೆಯ ಮುಂದೆ ನಿಂತಳು. "ಹಾಕಲಾ?" ಎಂದಳು. ಅರ್ಧ ಸಾಕು ಎಂದೆ. ಒಂದು ಪೂರ್ತಿ ಹಾಕಿದಳು, ಮೇಲೆ ತುಪ್ಪವನ್ನೂ.